ಮಷಿನ್ನು ಬರೆದ್ರೂ ಹೂಂ ಹೇಳದು ಕೂಸೇ

"ಈಗ ಕಂಪ್ಯೂಟರೇ ಎಲ್ಲಾ ಬರೀತಡ. ಮತ್ತೆ ಈ ಕೂಸು ಬಾಗಿಲು ಹಾಕ್ಯಂಡು ದಿನವಿಡೀ ಎಂತ ಮಾಡ್ತು?" ಕುಮಟೆ ಕಡೆ ಹೋಗಿ, ಹೊನ್ನಾವರ, ಭಟ್ಕಳದ ಕಡೆ ಹೋಗಿ, ಈ ಮಾತು ಕೇಳ್ತು. 2020ರ ಕೊರೋನಾ ಕಾಲದಿಂದ ಬೆಂಗಳೂರಿನ ಕಂಪನಿ ಕೆಲಸವನ್ನ ಊರಿಗೇ ತಂದು ಮಾಡುವ ಮಗಳೋ ಸೊಸೆಯೋ ನಮ್ಮ ಪೈಕಿ ಸುಮಾರು ಮನೇಲಿ ಇದ್ದು. ಮೊದಲು "ಅದು ಕೆಲಸದಲ್ಲಿದ್ದು, ಕರೆಯದು ಬೇಡ" ಹೇಳ್ತಿದ್ದ ಹಿರಿಯರೂ ಎಐ ಸುದ್ದಿ ಕೇಳಿದ ಮೇಲೆ "ಹಂಗಾದ್ರೆ ಬಾ, ಕಾಯಿ ತುರಿ" ಹೇಳಲೆ ಶುರು ಮಾಡಿದ್ದ. ಆ ಕೂಸಿನ ಪರವಾಗಿ ನಾಲ್ಕು ಮಾತು ಬರೆಯವು ಅನ್ನಿಸ್ತು.

ಮೊದಲು ಆ ಪರದೆ ಮೇಲೆ ಎಂತ ನಡೀತು ನೋಡನ. ಪ್ರೋಗ್ರಾಂ ಬರೆಯಲೆ ಒಂದು ಎಡಿಟರ್ ಇರ್ತು. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಎಸ್ ಕೋಡ್ ಹಂಗಿದ್ದೊಂದು. ಎಡಕ್ಕೆ ಫೈಲುಗಳ ಪಟ್ಟಿ, ನಡುವೆ ಬರವಣಿಗೆ, ಕೆಳಗೆ ಒಂದು ಪಟ್ಟಿ. ಆ ಪಟ್ಟಿಗೆ ಟರ್ಮಿನಲ್ ಹೇಳ್ತ. ಅಲ್ಲಿ ಅಪ್ಪಣೆ ಟೈಪ್ ಮಾಡಿದ್ರೆ ಕಂಪ್ಯೂಟರು ಮಾಡಿಯೇ ಬಿಡ್ತು. "ಖರೇನಾ?" ಹೇಳಿ ಕೇಳದು ಅಪರೂಪ.

2021ರಲ್ಲಿ ಕೋಪೈಲಟ್ ಬಂದಾಗ ಅದು ಮುಂದಿನ ಸಾಲು ಸೂಚಿಸ್ತಿತ್ತು ಅಷ್ಟೇ, ವಾಟ್ಸಾಪಿನಲ್ಲಿ ಬರೆವಾಗ ಫೋನು ಮುಂದಿನ ಶಬ್ದ ತೋರಿಸಿದ ಹಾಂಗೆ. 2025ರಲ್ಲಿ ಕ್ಲಾಡ್ ಕೋಡ್, ಕೋಡೆಕ್ಸ್ ಸಿಎಲ್ಐ, ಜೆಮಿನಿ ಸಿಎಲ್ಐ ಹೇಳುವವು ಬಂದವು. ಇವು ಆ ಟರ್ಮಿನಲ್ ಒಳಗೇ ಕೂತು ಫೋಲ್ಡರಿನ ಫೈಲುಗಳನ್ನ ಓದ್ತ, ತಿದ್ದುತ್ತ, ಅಪ್ಪಣೆ ಓಡಿಸ್ತ, ಎರರ್ ಬಂದ್ರೆ ಮತ್ತೆ ತಿದ್ದುತ್ತ. ಆದ್ರೆ ನಡುನಡುವೆ ನಿಂತು ಕೇಳ್ತ. ತೆಗೆಯುವ ಸಾಲು ಕೆಂಪು, ಸೇರಿಸುವ ಸಾಲು ಹಸಿರು ಮಾಡಿ ತೋರಿಸಿ, "ಮಾಡ್ಲಾ?" ಹೇಳ್ತ. ಉತ್ತರಕ್ಕೆ ಮೂರು ದಾರಿ: ಹೂಂ, ಹೂಂ, ಇಂಥದ್ದಕ್ಕೆ ಇನ್ನು ಕೇಳದು ಬೇಡ, ಊಹೂಂ, ಬೇರೆ ರೀತಿ ಮಾಡು.

ಈ ಹೂಂ-ಊಹೂಂ ಇದ್ದಲ್ಲ, ಅದೇ ಈಗಿನ ಕೆಲಸ. ಟೈಪ್ ಮಾಡದು ಕಮ್ಮಿ ಆಗಿದ್ದು, ಓದದು ಜಾಸ್ತಿ ಆಗಿದ್ದು. ಆರ್‌ಎಂ ಹೇಳುವ ಎರಡಕ್ಷರದ ಅಪ್ಪಣೆ ಇದ್ದು. ಅದರಿಂದ ಅಳಿಸಿದ ಫೈಲು ಕಸದ ಬುಟ್ಟಿಗೂ ಹೋಗ್ತಿಲ್ಲೆ, ಸೀದಾ ಮಾಯ. ಇನ್ನೊಂದು ತಮಾಷೆ ಇದ್ದು. ಪ್ರೋಗ್ರಾಂ ಸರಿಯಿದ್ದಾ ನೋಡಲೆ ಪರೀಕ್ಷೆ ಬರೆದಿಡ್ತ. ಪರೀಕ್ಷೆ ಪಾಸಾಗವು ಹೇಳಿದ್ರೆ, ಈ ಸಹಾಯಕ ಕೆಲವು ಸಲ ತಪ್ಪು ತಿದ್ದುವ ಬದಲು ಪರೀಕ್ಷೆಯನ್ನೇ ಬದಲಿಸಿಬಿಡ್ತು. ಹಾಲು ಉಕ್ಕದ ಹಾಂಗೆ ನೋಡ್ಕ ಹೇಳಿದ್ರೆ ಹಾಲು ಚೆಲ್ಲಿ, "ಈಗ ಉಕ್ತಿಲ್ಲೆ" ಹೇಳಿದ ಹಾಂಗೆ! ಅದನ್ನ ಹಿಡಿಯಲೆ ಕಣ್ಣು ಬೇಕು, ಬುದ್ಧಿ ಬೇಕು, ಪಕ್ಕದಲ್ಲಿ ಗಲಾಟೆ ಇಪ್ಪಲಾಗ.

ಇದು ಸುಮ್ನೆ ಹೆದರಿಸಲೆ ಹೇಳಿದ್ದಲ್ಲ. 2025ರ ಜುಲೈನಲ್ಲಿ ಅಮೆರಿಕದ ಜೇಸನ್ ಲೆಮ್ಕಿನ್ ಹೇಳುವ ಉದ್ಯಮಿ ರೆಪ್ಲಿಟ್ ಕಂಪನಿಯ ಇಂಥದ್ದೇ ಸಹಾಯಕನ ಹತ್ರ ಕೆಲಸ ಮಾಡಿಸ್ತಿದ್ದ. ಸದ್ಯಕ್ಕೆ ಎಂತದೂ ಬದಲಿಸಲಾಗ ಹೇಳಿ ಹೇಳಿಟ್ಟಿದ್ದ. ಆದ್ರೂ ಅದು ಬಳಕೆಯಲ್ಲಿದ್ದ ಮಾಹಿತಿ ಭಂಡಾರವನ್ನೇ ಅಳಿಸಿತು. 1,200ಕ್ಕೂ ಹೆಚ್ಚು ಜನರ ವಿವರ ಅದರಲ್ಲಿತ್ತು. ವಾಪಸ್ ತರಲೆ ಆಗ್ತಿಲ್ಲೆ ಹೇಳಿಯೂ ಅದು ಹೇಳಿತು, ಕಡೆಗೆ ನೋಡಿದ್ರೆ ತರಲೆ ಆತು! ಬಾಯಲ್ಲಿ ಬೇಡ ಹೇಳಿದ್ದು ಬೀಗ ಹಾಕಿದ್ದಕ್ಕೆ ಸಮ ಅಲ್ಲ.

ಹೇಳಿ ಈ ಸಹಾಯಕ ಬೇಡವೇ ಬೇಡ ಹೇಳುವ ಪೈಕಿ ಆನು ಅಲ್ಲ. ಊರಲ್ಲಿ ಒಂಟಿಯಾಗಿ ಕೂತು ಕೆಲಸ ಮಾಡುವ ಕೂಸಿಗೆ ಪಕ್ಕದಲ್ಲಿ ಹಿರಿಯ ಸಹೋದ್ಯೋಗಿ ಇಲ್ಲೆ. ಒಂದೇ ಪ್ರಶ್ನೆ ಹತ್ತು ಸಲ ಕೇಳಿದ್ರೂ ಇದು ಮುಖ ಸಿಂಡರಿಸ್ತಿಲ್ಲೆ. ಅದು ದೊಡ್ಡ ಉಪಕಾರವೇ. ಮಸಾಲೆ ಅರೆಯಲೆ ಜನ ಸಿಕ್ಕಿದ್ರೆ ಯಾರು ಬೇಡ ಹೇಳ್ತ? ಆದ್ರೆ ಅಪ್ಪೆಮಿಡಿ ಭರಣಿಗೆ ಕೈ ಹಾಕಲೆ ಎಲ್ಲರನ್ನೂ ಬಿಡ್ತಾ ನಾವು? ಒಂದು ಒದ್ದೆ ಸೌಟು ಸಾಕು, ವರ್ಷದ ಉಪ್ಪಿನಕಾಯಿ ಹಾಳು.

ಹಾಂಗಾಗಿ ಕೂಸುಗಳಿಗೆ ಹೇಳದು ಇಷ್ಟು. ಅಳಿಸುವ ಕೆಲಸಕ್ಕೆ "ಇನ್ನು ಕೇಳದು ಬೇಡ" ಒತ್ತಲೇ ಆಗ. ಕೆಲಸ ಶುರು ಮಾಡುವ ಮೊದಲು ಗಿಟ್‌ನಲ್ಲಿ ಒಂದು ಕಮಿಟ್ ಮಾಡಿ, ಅದು ಬೇರೆ ಭರಣಿಗೆ ತೆಗೆದಿಟ್ಟ ಹಾಂಗೆ. ಪಾಸ್‌ವರ್ಡು, ಗುಪ್ತ ಕೀ ಇಪ್ಪ ಫೈಲು ಅದರ ಕೈಗೆ ಸಿಗಲಾಗ. ಅದು ಓದಿದ್ದು ನಿಮ್ಮ ಲ್ಯಾಪ್‌ಟಾಪಿನಲ್ಲೇ ಉಳೀತಿಲ್ಲೆ, ಸಹಾಯಕನ್ನ ನಡೆಸುವ ಕಂಪನಿಯ ಕಂಪ್ಯೂಟರಿಗೂ ಹೋಗ್ತು. ಮತ್ತೆ, ಅರ್ಥ ಆಗದ ಸಾಲಿಗೆ ಹೂಂ ಹೇಳಲಾಗ. "ಇದು ಎಂತಕ್ಕೆ?" ಹೇಳಿ ಅದನ್ನೇ ಕೇಳಿ. ಹಂಗೆ ಕೇಳಿದವರಿಗೆ ಕೆಲಸ ಬತ್ತು, ಒತ್ತುತ್ತಾ ಹೋದವರಿಗೆ ಬರೀ ಒತ್ತಲೆ ಬತ್ತು.

ಇನ್ನು ನಮಗೆ, ಅಕ್ಕ-ಅತ್ತಿಗೆ-ಅತ್ತೆಯಂದಿರಿಗೆ. ಸುಮ್ನೆ ಪರದೆ ನೋಡ್ತಾ ಕೂತ ಹಾಂಗೆ ಕಂಡಾಗಲೇ ಅದು ಜಾಸ್ತಿ ಕೆಲಸ ಮಾಡ್ತಾ ಇರದು. ಹೊರಗಿಂದ ನಾಲ್ಕು ಸಲ ಕರೆದ್ರೆ, ಎದ್ದು ಬಪ್ಪ ಗಡಿಬಿಡಿಯಲ್ಲಿ ಓದದೆ ಹೂಂ ಒತ್ತಿ ಬತ್ತು. ನಾಳೆ ಎಂತಾದ್ರೂ ಹಾಳಾದ್ರೆ ಕಂಪನಿ ಫೋನು ಮಾಡದು ಮಷಿನ್ನಿಗಲ್ಲ, ಅದಕ್ಕೆ. ಸಂಬಳವೂ ಅದರದ್ದೇ, ಮರ್ಯಾದೆಯೂ ಅದರದ್ದೇ.

ಅದೇ ಮನೇಲಿ ಮಾಣಿ ಲ್ಯಾಪ್‌ಟಾಪ್ ಮುಂದೆ ಕೂತಿದ್ರೆ ಯಾರೂ ಕರೆಯದಿಲ್ಲೆ. ಅವನ ಹತ್ರವೂ ಇದೇ ಎಐ ಇದ್ದು, ಅಲ್ದಾ?