313 ಅನ್ನೋ ಅಂಕವೇ ಇಲ್ಲ

ಖಾಪರಖೇಡಾದ ನಮ್ಮ ಕಾಲೊನಿಯಲ್ಲಿ ಹದಿನೈದು ದಿನದಿಂದ 313ರದೇ ಮಾತು. ಇಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಭಾಲ್ಕಿ ಕಡೆಯವರೊಬ್ಬರ ಮಗಳು ನಾಗಪುರದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಕೊನೇ ವರ್ಷ ಓದುತ್ತಿದ್ದಾಳೆ. ಅಮೆರಿಕದಲ್ಲಿ ಪಿಎಚ್.ಡಿ. ಮಾಡಬೇಕೆಂದು ಜಿಆರ್‌ಇ ಬರೆದಳು. ಕ್ವಾಂಟ್ 167, ವರ್ಬಲ್ 146, ಬರವಣಿಗೆಗೆ 6ಕ್ಕೆ 3. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಲಾಗಿನ್ ಆಗುವ ನಾನು ಎಂ.ಟೆಕ್. ಓದಿದವಳು ಅನ್ನುವ ಕಾರಣಕ್ಕೆ ವಿಷಯ ನನ್ನ ತನಕ ಬಂತು. (ಆಂಟಿ ಅನ್ನದೆ ಅಕ್ಕಾ ಅಂತಾಳೆ. ಅಷ್ಟಕ್ಕೇ ಅರ್ಧ ಕರಗಿದ್ದೆ.)

"ಎರಡೂ ಕೂಡಿಸಿದ್ರ 313 ಆಗ್ತದ ನೋಡ್ರಿ ಮೇಡಂ. 320 ಇಲ್ಲಂದ್ರ ಏನೂ ಆಗಂಗಿಲ್ಲ ಅಂತಾರ ಕೋಚಿಂಗ್‌ನವ್ರು" ಅಂದರು ಅವಳಪ್ಪ.

ಆದರೆ ಜಿಆರ್‌ಇ ಅಂಕಪಟ್ಟಿಯಲ್ಲಿ 'ಒಟ್ಟು' ಅನ್ನುವ ಸಾಲೇ ಇರುವುದಿಲ್ಲ. ಮೂರು ಅಂಕಗಳನ್ನೂ ಬೇರೆಬೇರೆಯಾಗಿ ನೋಡಿ ಎಂದು ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ವಿಶ್ವವಿದ್ಯಾಲಯಗಳಿಗೆ ಹೇಳುತ್ತದೆ. ಕೂಡಿಸುವುದು ನಮ್ಮ ಅಭ್ಯಾಸ. ಅವರಿಗೆ ಅವರ ಸ್ಥಾವರದ ಲೆಕ್ಕದಲ್ಲೇ ಹೇಳಿದೆ: 210 ಮೆಗಾವಾಟ್‌ನ ನಾಲ್ಕು ಯೂನಿಟ್, 500ರ ಒಂದು, ಒಟ್ಟು 1340. ಇವತ್ತು 1130 ಬರ್ತಿದೆ ಅಂದರೆ ಯಾವ ಯೂನಿಟ್ ನಿಂತಿದೆ ಅಂತ ಗೊತ್ತಾಗುತ್ತಾ? ಅವರು ನಕ್ಕರು.

ಎರಡೂ ವಿಭಾಗದ ಅಳತೆ 130ರಿಂದ 170 ನಿಜ, ಆದರೆ ಒಂದೇ ಅಂಕಕ್ಕೆ ಎರಡು ಕಡೆ ಒಂದೇ ಬೆಲೆಯಿಲ್ಲ. ಕ್ವಾಂಟ್‌ನಲ್ಲಿ ಪೂರ್ತಿ 170 ತೆಗೆದರೂ ಈಗ 95ನೇ ಪರ್ಸೆಂಟೈಲ್ ಮುಟ್ಟುವುದಿಲ್ಲ; ವರ್ಬಲ್‌ನಲ್ಲಿ 160 ಬಂದರೇ 80 ದಾಟುತ್ತದೆ. ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ವರ್ಬಲ್‌ನಲ್ಲಿ ಹಿಂದೆ ಬಿದ್ದಿದ್ದು ನನಗೆ ಆಶ್ಚರ್ಯವಲ್ಲ, ಫಿಸಿಕ್ಸ್ ವಿಭಾಗದವರಿಗೂ ಅದೇ ದೊಡ್ಡ ಚಿಂತೆಯಾಗಲಾರದು. ಕೋವಿಡ್ ಕಾಲದಲ್ಲಿ ಅಲ್ಲಿನ ಎಷ್ಟೋ ವಿಭಾಗಗಳು ಜಿಆರ್‌ಇಯನ್ನೇ ಐಚ್ಛಿಕ ಮಾಡಿದವು. ಈಗ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಒಂದೊಂದೇ ವಿಭಾಗದ ಪುಟ ತೆರೆದು ನೋಡಬೇಕು. ಬೇರೆ ದಾರಿ ಇಲ್ಲ. 2019ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಫಿಸಿಕ್ಸ್ ಪಿಎಚ್.ಡಿ. ಯಾರು ಮುಗಿಸುತ್ತಾರೆ ಅನ್ನುವುದನ್ನು ಜಿಆರ್‌ಇಗಿಂತ ಪದವಿಯ ಅಂಕಗಳೇ ಚೆನ್ನಾಗಿ ಸೂಚಿಸುತ್ತವೆ ಎಂದಿತು. ಅದರ ಲೆಕ್ಕಾಚಾರವನ್ನು ಒಪ್ಪದವರೂ ಇದ್ದಾರೆ.

ನನ್ನನ್ನು ಕಾಡಿದ್ದು ಆ 3. ನಾಗಪುರದ ಒಂದು ಕನ್ಸಲ್ಟೆನ್ಸಿಯವರು ಎಸ್‌ಒಪಿ ತಾವೇ ಬರೆದುಕೊಡ್ತೀವಿ ಅಂದಿದ್ದರು, ಅಪ್ಪ ದುಡ್ಡು ಕಟ್ಟಲು ತಯಾರಾಗಿದ್ದರು. ಅಂಕ ಕಳಿಸಿದ ಪ್ರತಿ ವಿಶ್ವವಿದ್ಯಾಲಯವೂ ಆ 30 ನಿಮಿಷದಲ್ಲಿ ಅವಳು ಬರೆದ ಪ್ರಬಂಧವನ್ನು ತೆರೆದು ಓದಬಹುದು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ತಡವರಿಸುವ ಇಂಗ್ಲಿಷು, ಅಲ್ಲಿ ಪಾಲಿಶ್ ಹೊಡೆದ ಇಂಗ್ಲಿಷು. ಓದುವವರು ದಡ್ಡರಲ್ಲ. ಅವಳ ಪ್ರಾಜೆಕ್ಟ್ ಬಗ್ಗೆ ಅವಳೇ ಬರೆಯಲಿ, ವ್ಯಾಕರಣ ಬೇಕಾದರೆ ನಾನು ನೋಡ್ತೀನಿ ಅಂದೆ. ಮೊದಲ ಕರಡು ಬಂದಿದೆ. ತೆಳು ಪದರದ ಪ್ರಯೋಗದಲ್ಲಿ ಮೂರು ತಿಂಗಳು ಏನು ಕೆಟ್ಟಿತು ಅಂತ ಬರೆದ ಪ್ಯಾರಾ ಯಾವ ಕನ್ಸಲ್ಟೆನ್ಸಿಗೂ ಬರೆಯೋಕಾಗಲ್ಲ.

ಮತ್ತೆ ಬರೆಯಬೇಕಾ? 21 ದಿನ ಬಿಟ್ಟು ಬರೆಯಬಹುದು. ಯಾವ ದಿನದ ಪರೀಕ್ಷೆ ಕಳಿಸಬೇಕೆಂದು ನಾವೇ ಆರಿಸಬಹುದು, ಆದರೆ ಆ ದಿನದ ಮೂರೂ ಅಂಕ ಒಟ್ಟಿಗೇ ಹೋಗುತ್ತವೆ. ಆ ದಿನದ ಕ್ವಾಂಟ್, ಈ ದಿನದ ವರ್ಬಲ್ ಅಂತ ಹೆಕ್ಕಿ ಕಳಿಸಲು ಬರುವುದಿಲ್ಲ. ಅದೇ ದುಡ್ಡು, ಅದೇ ಸಮಯ ಟೋಫೆಲ್‌ಗೆ ಹಾಕು ಅಂದೆ. ಪಿಎಚ್.ಡಿ. ವಿದ್ಯಾರ್ಥಿಗೆ ಸಂಬಳ ಬರುವುದು ಬಹಳ ಸಲ ಕಿರಿಯರಿಗೆ ಪಾಠ ಹೇಳಿ. ಹಾಗಾಗಿ ಮಾತಾಡುವ ಭಾಗದ ಅಂಕವನ್ನು ಅವರು ಜೋಪಾನವಾಗಿ ನೋಡುತ್ತಾರೆ.

"ಎಲ್ಲೂ ಸಿಗಲಿಲ್ಲಂದ್ರ ಒಂದು ವರ್ಷ ಮನ್ಯಾಗ ಕೂಡಬೇಕೇನ್ರಿ?" ಅಪ್ಪನ ನಿಜವಾದ ಪ್ರಶ್ನೆ ಇದು. ಅದಕ್ಕೇ ಫೆಬ್ರವರಿಯ ಗೇಟ್‌ಗೂ ಫಾರ್ಮ್ ತುಂಬಿಸಿದ್ದೇವೆ. ಅಲ್ಲಿ 100ರಲ್ಲಿ 85 ಅಂಕ ಫಿಸಿಕ್ಸ್‌ನದೇ, ಭಾಷೆ ಉಳಿದ 15ರೊಳಗಿನ ಒಂದು ಪಾಲು ಮಾತ್ರ. ಅಂಕ 3 ವರ್ಷ ಬಾಳುತ್ತದೆ. ಅಮೆರಿಕದ ಪಟ್ಟಿ 12ರಿಂದ 5ಕ್ಕಿಳಿದಿದೆ, ಅರ್ಜಿ ಶುಲ್ಕದ ಲೆಕ್ಕ ನೋಡಿ. ಸೋಮವಾರ ಅವಳು ಪ್ರೊಫೆಸರ ಹತ್ತಿರ ಶಿಫಾರಸು ಪತ್ರ ಕೇಳಲು ಹೋಗುತ್ತಾಳೆ.