ಟಪಾಲಿನ ಯಂತ್ರ ಒಂದಿರಲಿ, ಬೀಗದ ಕೈ ಇಬ್ಬರಲ್ಲಿರಲಿ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಕೆಲವು ಬೆಳೆಗಾರ ಸಂಘಗಳ ಮಿತ್ರರು ನಮ್ಮ ಸಂಘದ ಇ-ಮೇಲ್ ಸುತ್ತೋಲೆಯ ವ್ಯವಸ್ಥೆಯನ್ನು ವಿಚಾರಿಸಿ ಬರೆದಿದ್ದಾರೆ. ನಮ್ಮದು ಕಾಫಿ, ಅಡಿಕೆ. ಅವರದು ಭತ್ತ, ಹತ್ತಿ, ತೊಗರಿ. ಬೆಳೆ ಬೇರೆಯಾದರೂ ಕಾರ್ಯದರ್ಶಿಯ ತಾಪತ್ರಯ ಒಂದೇ. ಮಹಾಸಭೆಯ ತಿಳಿವಳಿಕೆ, ಗೊಬ್ಬರ ಬಂದ ಸುದ್ದಿ, ಪೇಟೆಯ ಧಾರಣೆ ಇವೆಲ್ಲ ಸದಸ್ಯನಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಅವರ ಪ್ರಶ್ನೆ ಇಷ್ಟು: ಸದಸ್ಯರ ವಿಳಾಸಪಟ್ಟಿಯನ್ನು ನೋಡಿಕೊಳ್ಳುವ ತಂತ್ರಾಂಶವನ್ನೂ ಟಪಾಲು ಸಾಗಿಸುವ ತಂತ್ರಾಂಶವನ್ನೂ ಒಂದೇ ಯಂತ್ರದಲ್ಲಿ ಇಡಬಹುದೇ? ಎರಡು ಯಂತ್ರ ಬೇಕೇ ಬೇಕೆಂದು ಯಾರೋ ಮಾರಾಟದವರು ಹೇಳಿ ಹೋಗಿದ್ದಾರಂತೆ. ನನ್ನ ಅಭಿಪ್ರಾಯದಲ್ಲಿ ಒಂದು ಧಾರಾಳವಾಗಿ ಸಾಕು.

ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯವರಿಗೆ ಈ ವಿಷಯ ಬಿಡಿಸಿ ಹೇಳುವುದು ಸುಲಭ. ನೀರನ್ನು ಸಾಗಿಸುವುದು ಕಾಲುವೆಯ ಕೆಲಸ. ಯಾರ ಹೊಲಕ್ಕೆ ಯಾವಾಗ ಬಿಡಬೇಕೆಂದು ನೋಡುವುದು ನೀರಗಂಟಿಯ ಕೆಲಸ. ನಮ್ಮಲ್ಲಿ ಕಾಲುವೆಯ ಕೆಲಸ ಮಾಡುವುದು ಪೋಸ್ಟ್‌ಫಿಕ್ಸ್. ಐಬಿಎಂ ಸಂಸ್ಥೆಯಲ್ಲಿದ್ದ ವೀಟ್ಸೆ ವೆನೆಮಾ ರಚಿಸಿ 1998ರಲ್ಲಿ ಹೊರತಂದದ್ದು. ನೀರಗಂಟಿ ಮೇಲ್‌ಮ್ಯಾನ್, ಪಟ್ಟಿಗೆ ಯಾರು ಸೇರಿದ್ದಾರೆ, ಯಾರು ಬಿಟ್ಟಿದ್ದಾರೆ, ಯಾರ ವಿಳಾಸದಿಂದ ಪತ್ರ ಮರಳಿ ಬರುತ್ತಿದೆ ಎಂಬ ಲೆಕ್ಕವೆಲ್ಲ ಅದರದು. ಎರಡೂ ಮುಕ್ತ ತಂತ್ರಾಂಶಗಳು, ಪರವಾನಗಿಗೆ ಕಾಸು ಕೊಡಬೇಕಿಲ್ಲ.

ಇವೆರಡು ಅಕ್ಕಪಕ್ಕ ಇದ್ದಷ್ಟೂ ತಂಟೆ ಕಡಿಮೆ. ಹೊಸ ಪಟ್ಟಿಯನ್ನು ತೆರೆದಾಗ ಮೇಲ್‌ಮ್ಯಾನ್ 3 ಒಂದು ಸಣ್ಣ ಕಡತ ಬರೆದಿಡುತ್ತದೆ. ಅದನ್ನು ಓದಿಯೇ ಪೋಸ್ಟ್‌ಫಿಕ್ಸ್ ಯಾವ ಪತ್ರವನ್ನು ಮೇಲ್‌ಮ್ಯಾನಿಗೆ ಒಪ್ಪಿಸಬೇಕೆಂದು ತಿಳಿಯುತ್ತದೆ. ಯಂತ್ರದ ಒಳಗಡೆಯೇ 8024 ಎಂಬ ಅಂಕಿಯ ಬಾಗಿಲಲ್ಲಿ ಒಪ್ಪಿಸಿಬಿಡುತ್ತದೆ. ಎರಡು ಯಂತ್ರವಾದರೆ ಆ ಕಡತವನ್ನು ಅಲ್ಲಿಂದ ಇಲ್ಲಿಗೆ ಹೊರಬೇಕು, ಆ ಬಾಗಿಲನ್ನು ಜಾಲಕ್ಕೆ ತೆರೆಯಬೇಕು, ತೆರೆದ ಮೇಲೆ ಕಾವಲು ಕಾಯಬೇಕು. ಸಾವಿರ, ಎರಡು ಸಾವಿರ ಸದಸ್ಯರ ಸಂಘಕ್ಕೆ ಇದೆಲ್ಲ ಏತಕ್ಕೆ? ಯಂತ್ರ ಕೆಟ್ಟರೆ ಎರಡೂ ನಿಂತುಹೋಗುತ್ತವಲ್ಲ ಎಂಬ ಆಕ್ಷೇಪವನ್ನು ನಮ್ಮ ಮಹಾಸಭೆಯಲ್ಲೂ ಕೇಳಿದ್ದೇನೆ. ಎರಡು ಯಂತ್ರಗಳಲ್ಲಿ ಯಾವುದೊಂದು ಕೆಟ್ಟರೂ ಸುತ್ತೋಲೆ ನಿಲ್ಲುತ್ತದೆ, ಆದ್ದರಿಂದ ಕೆಡುವ ಜಾಗ ಇಮ್ಮಡಿಯಾಯಿತೇ ಹೊರತು ಭದ್ರತೆ ಹೆಚ್ಚಲಿಲ್ಲ. ಅಲ್ಲದೆ ನಮ್ಮ ಯಂತ್ರ ಅರ್ಧ ದಿನ ಮಲಗಿದರೂ ನಮಗೆ ಬರುವ ಪತ್ರ ಸಾಮಾನ್ಯವಾಗಿ ಕಳೆದುಹೋಗದು. ಕಳುಹಿಸಿದ ಕಡೆಯ ಯಂತ್ರ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಆದರೆ 5 ದಿನ ಕಾಯ್ದಿಟ್ಟುಕೊಳ್ಳುತ್ತದೆ.

ಮೂರು ತಾಲ್ಲೂಕುಗಳ ಸಂಘಗಳು ಸೇರಿ ಒಂದೇ ಯಂತ್ರವನ್ನು ಬಾಡಿಗೆಗೆ ಹಿಡಿಯಬಹುದೆಂದೂ ಹೇಳುತ್ತೇನೆ. ಮೇಲ್‌ಮ್ಯಾನ್ 3 ಬೇರೆ ಬೇರೆ ಹೆಸರಿನ ತಾಣಗಳ ಪಟ್ಟಿಗಳನ್ನು ಗೊಂದಲವಿಲ್ಲದೆ ನಡೆಸಬಲ್ಲದು. ಖರ್ಚು ಹಂಚಿಹೋಗುತ್ತದೆ. ಆದರೆ ಯಂತ್ರವನ್ನು ಸಂಘದ ಕಛೇರಿಯ ಮೇಜಿನ ಕೆಳಗೆ ಇಡಬೇಡಿ. ಆ ಕಡೆಯ ಬೇಸಿಗೆ, ವಿದ್ಯುತ್ತಿನ ಕಣ್ಣುಮುಚ್ಚಾಲೆ ಒಂದು ಕಡೆಗಿರಲಿ, ಸಾಮಾನ್ಯ ಅಂತರ್ಜಾಲ ಸಂಪರ್ಕದಲ್ಲಿ ಟಪಾಲು ಹೊರಹೋಗುವ 25ನೇ ಬಾಗಿಲನ್ನು ಅನೇಕ ಕಡೆ ಮುಚ್ಚಿಯೇ ಇರುತ್ತಾರೆ.

ನಿಜವಾದ ಕಷ್ಟ ಪತ್ರ ಹೊರಗೆ ಹೋಗುವಾಗ ಬರುತ್ತದೆ. ಸುರಪುರ ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಆ ರಾಜ್ಯಕ್ಕೆ ಸ್ವಂತ ಅಂಚೆ ಇತ್ತು, 1869ರಿಂದ ಸ್ವಂತ ಅಂಚೆಚೀಟಿಯೂ ಇತ್ತು. ಆದರೆ ಆ ಚೀಟಿ ನಡೆಯುತ್ತಿದ್ದದ್ದು ರಾಜ್ಯದ ಗಡಿಯೊಳಗೆ ಮಾತ್ರ. ಸ್ವಂತ ಮೇಲ್ ಯಂತ್ರ ನಡೆಸುವವರ ಪಾಡೂ ಅದೇ. ಸದಸ್ಯರ ಪೈಕಿ ಬಹುಮಂದಿಯ ವಿಳಾಸ ಜಿಮೇಲಿನಲ್ಲಿದೆ. ಆ ಮನೆಯ ಕಾವಲುಗಾರ ಒಪ್ಪುವ ಮುದ್ರೆ ನಮ್ಮ ಲಕೋಟೆಯ ಮೇಲೆ ಇರಬೇಕು. ಯಂತ್ರದ ಅಂಕಿಗೂ ಹೆಸರಿಗೂ ತಾಳೆಯಾಗಬೇಕು, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳು ಸರಿಯಾಗಿರಬೇಕು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಹಳ ಬಿಗಿಯಾಗಿವೆ.

ವಿಳಾಸಪಟ್ಟಿಯ ತಂತ್ರಾಂಶಕ್ಕೆ ಇಲ್ಲಿ ಇನ್ನೊಂದು ತೊಡಕುಂಟು. ಸದಸ್ಯನೊಬ್ಬ ಬರೆದ ಪತ್ರಕ್ಕೆ ಅದು ಮೇಲೆ ಸಂಘದ ಹೆಸರು, ಕೆಳಗೆ ಒಂದು ಅಡಿಬರಹ ಸೇರಿಸುತ್ತದೆ. ಅರಗು ಹಾಕಿದ ಲಕೋಟೆಯನ್ನು ಒಡೆದು, ಒಳಗೆ ಎರಡು ಸಾಲು ಬರೆದು, ಮತ್ತೆ ಅಂಟಿಸಿದಂತೆ. ಆಚೆಯವರಿಗೆ ಸಂಶಯ ಬಾರದಿದ್ದೀತೇ? 2014ರ ಏಪ್ರಿಲಿನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ ಬಿಗಿಗೊಳಿಸಿದಾಗ ಜಗತ್ತಿನ ಸಾವಿರಾರು ಪಟ್ಟಿಗಳು ಹೀಗೆಯೇ ಪೇಚಿಗೆ ಸಿಕ್ಕವು. ಪತ್ರವನ್ನು ಪಟ್ಟಿಯ ಹೆಸರಿನಿಂದಲೇ ಕಳುಹಿಸುವ ಏರ್ಪಾಟು ಈಗ ಮೇಲ್‌ಮ್ಯಾನಿನಲ್ಲಿದೆ. ಅದನ್ನು ಮೊದಲ ದಿನವೇ ಚಾಲೂ ಮಾಡಿ. ಸುತ್ತೋಲೆಯ ಪಟ್ಟಿಗೆ ಕಛೇರಿಯವರು ಮಾತ್ರ ಬರೆಯುವಂತೆಯೂ ಇಡಿ. ಇಲ್ಲದಿದ್ದರೆ ಒಬ್ಬರ "ಧನ್ಯವಾದಗಳು" ಸಾವಿರ ಮನೆಗೆ ಹೋಗುತ್ತದೆ, ಅದಕ್ಕೆ ಇನ್ನೊಬ್ಬರ ಉತ್ತರ ಮತ್ತೆ ಸಾವಿರ ಮನೆಗೆ.

ವಾಟ್ಸಾಪ್ ಇರುವಾಗ ಇದೇಕೆ ಎಂದು ಯುವಕರು ಕೇಳುತ್ತಾರೆ. ಗುಂಪಿಗೆ 1,024 ಜನರ ಮಿತಿ ಇದೆ. ಮೇಲಾಗಿ ಅಂಥ ಗುಂಪು ಯಾರೋ ಒಬ್ಬರ ಫೋನಿನ ಆಸರೆಯಲ್ಲಿ ನಿಂತಿರುತ್ತದೆ. ಎರಡು ವರ್ಷದ ಹಿಂದಿನ ಸುತ್ತೋಲೆ ಬೇಕೆಂದರೆ ನಮ್ಮ ಯಂತ್ರದ ಸಂಗ್ರಹದಲ್ಲಿ ತಾರೀಖು ಸಮೇತ ಸಿಗುತ್ತದೆ. ತಕರಾರಿನ ದಿನ ಅದರ ಬೆಲೆ ತಿಳಿಯುತ್ತದೆ.

ಯಂತ್ರಗಳ ಸಂಖ್ಯೆಗಿಂತ ನನಗೆ ಹೆಚ್ಚು ಚಿಂತೆಯಿರುವುದು ಅದನ್ನು ನೋಡಿಕೊಳ್ಳುವ ಮನುಷ್ಯರ ಬಗ್ಗೆ. ನನಗೆ ತಿಳಿದ ಒಂದು ಸಂಘದಲ್ಲಿ ಎಲ್ಲವನ್ನೂ ನಿರ್ದೇಶಕರೊಬ್ಬರ ಅಳಿಯ ನಡೆಸುತ್ತಿದ್ದ. ತಾಣದ ಹೆಸರೂ ಅವನದೇ ಹೆಸರಿನಲ್ಲಿ, ಗುಪ್ತಪದವೂ ಅವನ ತಲೆಯಲ್ಲೇ. ಹುಡುಗ ಹೊರದೇಶಕ್ಕೆ ಹೋದ, ತಾಣದ ನವೀಕರಣ ತಪ್ಪಿತು. ಚುನಾವಣೆಯ ವರ್ಷ ಮಹಾಸಭೆಯ ತಿಳಿವಳಿಕೆ ಅರ್ಧ ಜನಕ್ಕೆ ಮುಟ್ಟಲಿಲ್ಲ. ಮುಟ್ಟದವರು ಬೇಕೆಂದೇ ಬಿಟ್ಟರೆಂದು ಜಗಳ ತೆಗೆದರು. ಆ ಸಂಘದಲ್ಲಿ ಯಂತ್ರ ಒಂದು ದಿನವೂ ಕೆಟ್ಟಿರಲಿಲ್ಲ.

ಆದ್ದರಿಂದ ತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ, ನವೀಕರಣದ ತಾರೀಖು ವಿಮೆಯ ಕಂತಿನ ಜೊತೆ ಕಛೇರಿಯ ಪುಸ್ತಕದಲ್ಲಿರಲಿ. ಗುಪ್ತಪದಗಳ ಮೊಹರು ಹಾಕಿದ ಲಕೋಟೆ ತಿಜೋರಿಯಲ್ಲಿರಲಿ. ಕೆಲಸ ಬಲ್ಲವರು ಇಬ್ಬರಿರಲಿ, ಇಬ್ಬರೂ ಒಂದೇ ಮನೆಯವರಾಗದಿರಲಿ. ಪಟ್ಟಿಯ ಪ್ರತಿ ದಿನವೂ ಬೇರೊಂದು ಕಡೆಗೆ ಹೋಗಬೇಕು; ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಎಲ್ಲವನ್ನೂ ಮತ್ತೆ ಕಟ್ಟಿ ನೋಡಬೇಕು. ಹಾಗೆ ನೋಡದ ಪ್ರತಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸದಸ್ಯರ ವಿಳಾಸವನ್ನು ಬೀಜ, ಔಷಧದ ಕಂಪನಿಗಳಿಗೆ ಕೊಡಕೂಡದೆಂದು ಆಡಳಿತ ಮಂಡಳಿ ಠರಾವು ಮಾಡಲಿ. ಯಂತ್ರದ ಬಾಡಿಗೆ ಕಟ್ಟುವುದು ಆ ಠರಾವಿಗೆ ಸಹಿ ಬಿದ್ದ ಮೇಲೆ. ಇ-ಮೇಲ್ ಇಲ್ಲದ ಸದಸ್ಯರಿಗೆ, ಮತ್ತು ಬೈಲಾ ತಿದ್ದುಪಡಿಯಾಗುವ ತನಕ ಎಲ್ಲ ಸದಸ್ಯರಿಗೂ, ಮಹಾಸಭೆಯ ತಿಳಿವಳಿಕೆ ಕಾಗದದಲ್ಲೇ ಅಂಚೆಗೆ ಬೀಳಲಿ.