ಗಬ್ಬದ ಹಸುವಿಗೆ ಹಿಂಡಿ, ಬಸುರಿ ಅವ್ವನಿಗೆ ಏನು?

ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ರಾಜಾನುಕುಂಟೆ ಸಿಗುತ್ತದೆ. ಅಲ್ಲಿ ಹಾಲು ಮಹಾಮಂಡಳದ ಪಶು ಆಹಾರ ಕಾರ್ಖಾನೆ ಇದೆ. ಹಿಂಡಿ, ಬೂಸ, ಮುಸುಕಿನ ಜೋಳ, ಖನಿಜ ಮಿಶ್ರಣ, ಹೀಗೆ ಹಸುವಿನ ಮೈಗೆ ಬೇಕಾದ್ದನ್ನೆಲ್ಲ ತೂಕ ಹಾಕಿ ಬೆರೆಸಿ ಚೀಲ ತುಂಬುತ್ತಾರೆ. ಅದರ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಹಸು ಕಟ್ಟಿಕೊಂಡು ಬದುಕೋರು ನಮ್ಮಲ್ಲೂ ಇದ್ದಾರೆ. ಗಬ್ಬದ ಹಸುವಿಗೆ ಒಳ್ಳೆ ಮೇವು ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕಾಲೋನಿಯ ಬಸುರಿ ಹೆಂಗಸಿನ ತಟ್ಟೆಯಲ್ಲಿ ಏನಿದೆ ಅಂತ ಇಣುಕಿ ನೋಡಿದವರು ಯಾರು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ ಲೆಕ್ಕ ಇದು: ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45.7 ಮಂದಿಗೆ ರಕ್ತಹೀನತೆ. ಇಡೀ ದೇಶದಲ್ಲಿ ನೂರಕ್ಕೆ 52.2. ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವ ಕಾರ್ಯಕ್ರಮ ಈ ದೇಶದಲ್ಲಿ ಶುರುವಾದದ್ದು 1970ರಲ್ಲಿ. ಐವತ್ತು ವರ್ಷ ಮಾತ್ರೆ ಹಂಚಿದ ಮೇಲೂ ಲೆಕ್ಕ ಹೀಗಿದೆ ಅಂದರೆ, ತಪ್ಪು ಬರೀ ಮಾತ್ರೆಯದ್ದಲ್ಲ.

ನಮ್ಮ ಕೇರಿಗಳಲ್ಲಿ ಇದಕ್ಕೆ ಕಾಯಿಲೆ ಅಂತ ಹೆಸರೇ ಇಲ್ಲ. 'ಸುಸ್ತು' ಅಂತಾರೆ, 'ತಲೆ ಸುತ್ತು' ಅಂತಾರೆ, 'ಬಸುರಿ ಅಂದ್ಮೇಲೆ ಇದ್ದದ್ದೇ' ಅಂತ ಸುಮ್ಮನಾಗ್ತಾರೆ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಮೈಯಲ್ಲಿ ರಕ್ತ ಇದ್ದವಳು ತಡೆದುಕೊಳ್ತಾಳೆ, ಇಲ್ಲದವಳು ಸಾಯ್ತಾಳೆ. ಉಳಿದರೂ ಮಗು ತೂಕ ಕಡಿಮೆ ಇಟ್ಟುಕೊಂಡು ಹುಟ್ಟುತ್ತದೆ, ದಿನ ತುಂಬುವ ಮುಂಚೆಯೇ ಹುಟ್ಟುತ್ತದೆ. ಒಂದು ಬಸಿರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿಯ ಮೈಯಲ್ಲಿ ಅಷ್ಟು ದಾಸ್ತಾನು ಎಲ್ಲಿಂದ ಬರಬೇಕು?

'ನಿಮ್ಮೋರಿಗೆ ತಿಳುವಳಿಕೆ ಇಲ್ಲ' ಅಂತ ಭಾಷಣ ಮಾಡೋರಿಗೆ ನಾವು ಒಂದು ಮಾತು ಹೇಳಬೇಕು. ನಮ್ಮ ಅಜ್ಜಿಯರಿಗೆ ತಿಳುವಳಿಕೆ ಇತ್ತು. ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ರಾಗಿ ಸಾಲಿನ ನಡುವೆ ಅವರೆ, ತೊಗರಿ ಇರುತ್ತಿತ್ತು, ಹುರುಳಿ ಬಸ್ಸಾರು ಇರುತ್ತಿತ್ತು. ಹುರುಳಿ ನೂರು ಗ್ರಾಂಗೆ 8 ಮಿಲಿಗ್ರಾಂಗೂ ಮೇಲೆ ಕಬ್ಬಿಣ ಇರುವ ಕಾಳು. ಈಗ ಯಲಹಂಕದಿಂದಾಚೆ ರಾಗಿ ಹೊಲಗಳು ಸೈಟುಗಳಾಗಿವೆ. ಸೈಟಿನ ಕಲ್ಲು ನೆಟ್ಟ ಕಡೆ ಸೊಪ್ಪು ಕೀಳೋಕೆ ಹೋದರೆ ವಾಚ್‌ಮನ್ ಓಡಿಸ್ತಾನೆ. ಕೂಲಿ ಹೆಂಗಸು ನುಗ್ಗೆಸೊಪ್ಪನ್ನೂ ಕಾಸು ಕೊಟ್ಟು ಕೊಳ್ಳಬೇಕು.

ಇನ್ನು ಬಾಡಿನ ಮಾತು. ಮಾಂಸದ ಕಬ್ಬಿಣ ಸೊಪ್ಪುಕಾಳಿನ ಕಬ್ಬಿಣಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಮುದ್ದೆ ಸಾರಿನ ಜೊತೆ ನಾಲ್ಕು ತುಂಡು ಬಾಡು ಬಿದ್ದರೆ ಸಾರಿನಲ್ಲಿರೋ ಕಬ್ಬಿಣವೂ ಹೆಚ್ಚು ಹತ್ತುತ್ತದೆ. ಬಡವರಿಗೆ ಎಟುಕುತ್ತಿದ್ದದ್ದು ದನದ ಬಾಡು. 2020ರ ಗೋಹತ್ಯೆ ನಿಷೇಧ ಕಾಯ್ದೆ ದನವನ್ನು ಪೂರಾ ನಿಷೇಧಿಸಿತು, 13 ವರ್ಷದ ಒಳಗಿನ ಎಮ್ಮೆ ಕೋಣವನ್ನೂ ಕಡಿಯಕೂಡದು ಅಂದಿತು. ಆ ಕಾಯ್ದೆ ಮಾಡುವಾಗ ಬಸುರಿಯ ತಟ್ಟೆ ಯಾರ ಕಣ್ಣಿಗೂ ಬೀಳಲಿಲ್ಲ. ಇತ್ತ ಶಾಲೆ ಮಕ್ಕಳಿಗೆ ಮೊಟ್ಟೆ ಕೊಟ್ಟರೂ ಮಠಗಳಿಗೆ ಮೈಲಿಗೆ. ನಮ್ಮ ಊಟವನ್ನು ಹೊಲಸು ಅಂದವರು, ಈಗ ನಮ್ಮ ರಕ್ತ ಕಮ್ಮಿ ಅಂತ ಮರುಕ ಪಡ್ತಾರೆ!

ಆದರೆ ಬೈದು ಸುಮ್ಮನಿದ್ದರೆ ರಕ್ತ ಹೆಚ್ಚೋದಿಲ್ಲ. ಕೈಯಲ್ಲಿರೋ ದಾರಿ ಏನು ಅಂತ ನೋಡಬೇಕು.

ಮೊದಲು ಊಟ. ರಾಗಿ, ಹೆಸರು, ಹುರುಳಿಯನ್ನು ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳೋ ಅಂಶ ಕಡಿಮೆಯಾಗುತ್ತದೆ. ಮೊಳಕೆ ರಾಗಿ ಹುರಿದು ಬೀಸಿದ ಹಿಟ್ಟು, ಕಡಲೆಕಾಯಿ, ಬೆಲ್ಲ, ದಂಟು ನುಗ್ಗೆ ಸೊಪ್ಪು, ಕಾಳು, ಇವು ನಮ್ಮ ಕೈಗೆ ಸಿಗೋವೇ. ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಲಿ. ಊಟದ ಹಿಂದೆಯೇ ಟೀ ಕುಡಿಯೋದನ್ನ ಬಿಡಲಿ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡೋದಿಲ್ಲ. ಎಲ್ಲಕ್ಕೂ ಮೊದಲು, ಮನೆಮಂದಿಯೆಲ್ಲ ಉಂಡ ಮೇಲೆ ಮಿಕ್ಕದ್ದನ್ನ ಅವಳು ಉಣ್ಣೋದು ನಿಲ್ಲಲಿ. ಇದು ಮೇಲ್ಜಾತಿಯವರು ಮಾಡಿದ ಅನ್ಯಾಯ ಅಲ್ಲ. ನಾವು ಗಂಡಸರು ನಮ್ಮ ಮನೆಯಲ್ಲೇ ಮಾಡ್ತಿರೋದು.

ಎರಡನೇದು, ಮಾತ್ರೆ. ನಾವು ಸುಳ್ಳು ಹೇಳಬಾರದು. ರಕ್ತ ಆಗಲೇ ಇಳಿದಿದ್ದರೆ ಊಟವೊಂದರಿಂದಲೇ ಅದು ಬೇಗ ಏರೋದಿಲ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ, ಹೆತ್ತ ಮೇಲೆ ಮತ್ತೆ 180 ದಿನ. ಸುಣ್ಣದ ಮಾತ್ರೆಯ ಜೊತೆಗೆ, ಹಾಲಿನ ಜೊತೆಗೆ ನುಂಗಬಾರದು. ಮಲ ಕಪ್ಪಗಾಗುತ್ತದೆ, ಹೆದರಬೇಕಾಗಿಲ್ಲ. ರಕ್ತ ತೀರಾ ಕಮ್ಮಿ ಇದ್ದರೆ ಆಸ್ಪತ್ರೆಗೇ ಹೋಗಬೇಕು. 'ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತೆ' ಅನ್ನೋ ಮಾತು ನಮ್ಮಲ್ಲೂ ಇದೆ. ಅದು ಸುಳ್ಳು. ಅದಿರಲಿ, ಕಪ್ಪು ಅಂದರೆ ಹೆದರೋದನ್ನ ನಮಗೆ ಕಲಿಸಿದವರು ಯಾರು?

ಮೂರನೇದು, ಹಕ್ಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಮಿನ ಪ್ರಕಾರ ಬಸುರಿಯಲ್ಲಿ ಮತ್ತು ಹೆತ್ತ ಆರು ತಿಂಗಳವರೆಗೆ ಅಂಗನವಾಡಿಯಲ್ಲಿ ಪುಕ್ಕಟೆ ಊಟ ಹಕ್ಕು. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು: ಮಧ್ಯಾಹ್ನ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ. ಒಳ್ಳೇದೇ. ಆದರೆ ಬೆಳಿಗ್ಗೆಯೇ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗೋ ಹೆಂಗಸು ಮಧ್ಯಾಹ್ನ ಅಂಗನವಾಡಿಗೆ ಹೇಗೆ ಬಂದಾಳು? ಮನೆಗೆ ಕೊಟ್ಟರೆ ಎಲ್ಲರೂ ಹಂಚಿಕೊಂಡು ತಿಂತಾರೆ, ಅದಕ್ಕೇ ಅಲ್ಲೇ ಉಣ್ಣಿಸೋದು ಅಂತಾರೆ. ಆ ಮಾತಲ್ಲೂ ನಿಜ ಇದೆ. ಹಾಗಾದರೆ ಕೂಲಿಗೆ ಹೋಗೋಳಿಗೆ ಬೆಳಿಗ್ಗೆಯೋ ಸಂಜೆಯೋ ಉಣ್ಣಿಸಿ, ಇಲ್ಲವೇ ಅವಳು ದುಡಿಯೋ ಕಡೆಗೇ ಊಟ ಕಳಿಸಿ. ಇದು ನಮ್ಮ ಬೇಡಿಕೆ.

ಹಾಸ್ಟೆಲಿನ ಗೆಳೆಯರೇ, ನಿಮಗೊಂದು ಕೆಲಸ. ಈ ರಜೆಗೆ ಊರಿಗೆ ಹೋದಾಗ ನಿಮ್ಮ ಅಕ್ಕ, ಅತ್ತಿಗೆಯರ ತಾಯಿ ಕಾರ್ಡು ಬಿಚ್ಚಿ ಓದಿ. ಹಿಮೋಗ್ಲೋಬಿನ್ ಎಷ್ಟು ಬರೆದಿದ್ದಾರೆ? ಏನೂ ಬರೆದಿಲ್ಲವೇ? ಮಾತ್ರೆ ಕೊಟ್ಟಿದ್ದಾರೋ, ಗೂಡಿನಲ್ಲಿ ಹಾಗೇ ಬಿದ್ದಿವೆಯೋ? ಅಂಗನವಾಡಿಯಲ್ಲಿ ನಮ್ಮವರನ್ನ ಬೇರೆ ಕೂರಿಸ್ತಾರೋ? ಬರೆದುಕೊಂಡು ಬನ್ನಿ. ಬರೀ ಕಂಪ್ಲೇಂಟು ಅಲ್ಲ, ಲೆಕ್ಕ ಬೇಕು. ಲೆಕ್ಕ ಹಿಡಿದುಕೊಂಡು ಪಂಚಾಯಿತಿ ಮುಂದೆ ಕೂರೋಣ. ಹಾಸ್ಟೆಲಿನ ತಂಗಿಯರೇ, ವಾರಕ್ಕೊಂದು ಕೊಡೋ ನೀಲಿ ಮಾತ್ರೆಯನ್ನು ಎಸೀಬೇಡಿ. ನಾಳಿನ ದಾಸ್ತಾನು ಇವತ್ತೇ ಕೂಡಬೇಕು.

1928ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರವಾಗಿ ನಿಂತು ಮಾತಾಡಿದರು. ಬಸುರಿಯ ಮೈ ಅವಳ ಮನೆಯ ಚಿಂತೆ ಮಾತ್ರ ಅಲ್ಲ, ಸರ್ಕಾರದ್ದೂ ಹೊಣೆ ಅಂತ ಅವರು ಅಂದೇ ಕಂಡಿದ್ದರು. ಚಳವಳಿ ಅಂದರೆ ಮೆರವಣಿಗೆ, ಘೋಷಣೆ ಮಾತ್ರ ಅಲ್ಲ. ಅವ್ವನ ತಟ್ಟೆಯ ಲೆಕ್ಕ ಕೇಳೋದೂ ಚಳವಳಿಯೇ.

ಜೈ ಭೀಮ್.